ಹಂದನಕೆರೆ ಚಂದ್ರ

ನಮ್ಮ ಮನೆಯಲ್ಲಿ ಯಾರಾದರೂ ಒಂದಕ್ಕೆ ಎರಡು ಸೇರಿಸಿ ಹೇಳಿದರೆ ಅದಕ್ಕೊಂದು ಹೆಸರಿತ್ತು, ಹಂದನಕೆರೆ ಚಂದ್ರ. ನನ್ನ ಗಂಡ ದಯಾನಂದ್ ತಿಪಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಅವನು ಮದುವೆಮನೆಯಿಂದ ಬಂದು, ಊಟಕ್ಕೆ ಎಂಥಾ ಜನ ಅಂತೀರಾ, ಛತ್ರದ ಬಾಗಿಲು ಮುರಿದುಹೋಯಿತು ಅಂದರೆ, ಮಾವ ತಟ್ಟೆಯಿಂದ ತಲೆಯನ್ನೂ ಎತ್ತದೆ "ಹಂದನಕೆರೆ ಚಂದ್ರ" ಅನ್ನುತ್ತಿದ್ದರು. ಪಕ್ಕದ ತೋಟದ ಮರುಳಸಿದ್ದಯ್ಯನವರು ತಮ್ಮ ಬೋರ್‌ವೆಲ್ ನೀರಿನ ಬಗ್ಗೆ ಜಂಬ ಕೊಚ್ಚಿದರೂ ಅದೇ ಮಾತು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಇದು ತುರುವೇಕೆರೆ ಸೀಮೆಯವರೆಲ್ಲ ಆಡುವ ಮಾತಿರಬೇಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದು ಈ ಮನೆಯಲ್ಲೇ ಹುಟ್ಟಿದ ಮಾತು, ಮತ್ತು ಆ ಚಂದ್ರನ ಒಡತಿ ಅಲ್ಲೇ ಒಲೆಯ ಮುಂದೆ ಕೂತು ಮುದ್ದೆ ಕಟ್ಟುತ್ತಿದ್ದ ನಮ್ಮತ್ತೆ ಗುರುಶಾಂತಮ್ಮ.

ಅತ್ತೆಯ ತವರು ಹಂದನಕೆರೆ ಹತ್ತಿರ. ಅವರು ಹುಡುಗಿಯಾಗಿದ್ದಾಗ ಆ ಕಡೆಯೆಲ್ಲ ರಾಗಿ, ಹುರುಳಿ ಬೆಳೆಯುವ ಬಯಲು. ಹುಣ್ಣಿಮೆ ದಿನ ಸಂಜೆ ಚಂದ್ರ ನೆಲದೊಳಗಿಂದಲೇ ಏಳುತ್ತಿತ್ತಂತೆ. ಕೆಂಪಗೆ, ರಾಗಿ ಕಣದಷ್ಟು ಅಗಲಕ್ಕೆ, ನೋಡನೋಡುತ್ತಿದ್ದಂತೆ ಅಲುಗಿಕೊಂಡು ಮೇಲಕ್ಕೆ ಬರುತ್ತಿತ್ತಂತೆ. ಮದುವೆಯಾಗಿ ಈ ತೆಂಗಿನ ತೋಟದ ಮನೆಗೆ ಬಂದ ಮೇಲಿನ ಮೊದಲ ಹುಣ್ಣಿಮೆಯಲ್ಲಿ ಹಿತ್ತಲಲ್ಲಿ ನಿಂತು, ಸುತ್ತ ಕತ್ತೆತ್ತಿ ನೋಡಿ, ಇಲ್ಲಿ ಚಂದ್ರ ಎಲ್ಲಿ ಹುಟ್ಟುತ್ತೆ ಅಂತ ಹೊಸ ಗಂಡನನ್ನು ಕೇಳಿದರು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಮ್ಮಲ್ಲಿ ಅದು ಮರದಲ್ಲಿ ಬಿಡುತ್ತೆ ಕಣೇ, ಬೇಕಾದರೆ ಕಿತ್ತು ಕೊಡುತ್ತೀನಿ ಅಂದರಂತೆ. ಅಂದರು, ಸರಿ, ಅಲ್ಲಿಗೆ ಬಿಡಬಹುದಿತ್ತು. ಊರಿಗೆಲ್ಲ ಹೇಳಿದರು. ರಾಗಿ ಕಣದಷ್ಟು ಅಗಲದ ಚಂದ್ರನನ್ನು ಕಂಡ ಹೆಣ್ಣನ್ನು ನೋಡಲು ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಹೋದರಂತೆ.

ಮಾವನದೇನೂ ಸುಳ್ಳಲ್ಲ. ತೋಟದಲ್ಲಿ ಹುಟ್ಟಿ ಬೆಳೆದವರಿಗೆ ಚಂದ್ರ ಕಾಣುವುದೇ ಸೋಗೆಗಳನ್ನು ದಾಟಿ ಮೇಲೆ ಬಂದ ಮೇಲೆ. ಅಷ್ಟೊತ್ತಿಗೆ ಅದು ಬೆಳ್ಳಗೆ, ಚಿಕ್ಕದಾಗಿ, ತನ್ನ ಪಾಡಿಗೆ ತಾನಿರುತ್ತದೆ. ಹಾಗಂತ ನಾವು ಯಾರೂ ಬಯಲಿಗೆ ಹೋಗಿಯೇ ಇಲ್ಲ ಅಂತಲ್ಲ. ಹೋಗುತ್ತೇವೆ, ಹೊಲಕ್ಕೆ, ಸಂತೆಗೆ, ತಿಪಟೂರಿಗೆ. ಆದರೆ ಸೂರ್ಯ ಮುಳುಗುವ ಹೊತ್ತಿಗೆ ಈ ಸೀಮೆಯವರೆಲ್ಲ ತೋಟದೊಳಗೆ ಬಂದುಬಿಟ್ಟಿರುತ್ತಾರೆ. ಹಾಲು ಕರೆಯಬೇಕು, ಕರು ಕಟ್ಟಬೇಕು, ಕರೆಂಟು ಬಂದರೆ ಮೋಟಾರು ಹಾಕಬೇಕು. ನಾನಂತೂ ತಿಪಟೂರಿನ ಸ್ಟೇಷನ್ ರೋಡಿನ ಗಲ್ಲಿಯವಳು. ನಮಗೆ ಚಂದ್ರ ಅಂದರೆ ಎದುರು ಮನೆಯ ನೀರಿನ ಟ್ಯಾಂಕಿನ ಪಕ್ಕ ಬಂದು ನಿಲ್ಲುವಂಥದ್ದು. ನಾನೂ ನಕ್ಕವಳೇ.

ಅತ್ತೆಯೂ ಜೊತೆಗೆ ನಗುತ್ತಿದ್ದರು. ಅದನ್ನು ನೋಡಿ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಒಬ್ಬ ಹೆಂಗಸು ತನ್ನನ್ನೇ ಹಾಸ್ಯ ಮಾಡುವ ಮಾತಿಗೆ ಅಷ್ಟು ವರ್ಷ ಹೇಗೆ ನಗುತ್ತಾಳೆ? ನಾನಾಗಿದ್ದರೆ ಎರಡನೇ ಸಲಕ್ಕೆ ಸಾರಿಗೆ ಉಪ್ಪು ಹೆಚ್ಚಿಗೆ ಹಾಕಿರುತ್ತಿದ್ದೆ.

ಮಾವ ಕರಿಬಸವಯ್ಯನವರ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಅವರನ್ನು ಕೆಟ್ಟವರು ಅಂದುಕೊಳ್ಳುತ್ತೀರಿ. ಅವರು ಉಂಡೆ ಕೊಬ್ಬರಿ ಮಾಡುವವರು. ಕಿತ್ತ ಕಾಯಿಯನ್ನು ಅಟ್ಟದ ಮೇಲೆ ಹಾಕಿ, ಸುಮಾರು ಒಂದು ವರ್ಷ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಬೇಕಾದರೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಗುಡುಗುಡು ಅಂದರೆ ಆಯಿತು, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಜೀವಮಾನವೆಲ್ಲ ಹೀಗೆ ಕಿವಿಗೆ ಹಿಡಿದು ನೋಡಿದ ಮನುಷ್ಯ ಅವರು. ತನ್ನ ಕೈಗೆ ಸಿಕ್ಕಿ, ತನ್ನ ಕಿವಿಗೆ ಸದ್ದು ಮಾಡದ ಯಾವುದನ್ನೂ ನಂಬುವವರಲ್ಲ. ಟಿವಿಯಲ್ಲಿ ಹೇಳಿದ ಮಳೆಯನ್ನಂತೂ ಅಂಗಳ ನೆನೆದ ಮೇಲೂ ನಂಬುವುದಿಲ್ಲ.

ಹೋದ ವರ್ಷ ನಮ್ಮ ತೋಟಕ್ಕೆ ಅಣಬೆ ರೋಗ ಬಂತು. ಮರದ ಬುಡದಲ್ಲಿ ಕೆಂಪು ರಸ ಸೋರುತ್ತದೆ, ಸೋಗೆ ಜೋತುಬೀಳುತ್ತದೆ, ಆಮೇಲೆ ಸುಳಿಯೇ ಬಿದ್ದುಹೋಗುತ್ತದೆ. ಅದು ಹಿತ್ತಲಿಂದ ಮೂಡಲಿಗೆ ಹೋಗುವ ನೀರಿನ ಕಾಲುವೆಯ ಗುಂಟ ಹರಡಿತು. ಬೇರಿಗೆ ಔಷಧಿ ಕಟ್ಟಿದರು, ಬೇವಿನಹಿಂಡಿ ಹಾಕಿದರು, ಬುಡದ ಸುತ್ತ ಅಗಳು ತೋಡಿದರು. ಕಾಲುವೆಯ ಎರಡೂ ದಡದ ಸಾಲು ಹೋಯಿತು. ಅವು ಮಾವ ಹುಡುಗನಾಗಿದ್ದಾಗ ತಮ್ಮ ತಂದೆಯ ಜೊತೆ ಕೊಡದಲ್ಲಿ ನೀರು ಹೊತ್ತು ಎಬ್ಬಿಸಿದ ಮರಗಳು. ಕಡಿಸುವ ದಿನ ಒಂದೊಂದು ಬುಡಕ್ಕೂ ವಿಭೂತಿ ಹಚ್ಚಿ, ಕೈಮುಗಿದು, ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡರು. ಯಂತ್ರದ ಸದ್ದು ನಿಲ್ಲುವವರೆಗೂ ಹೊರಗೆ ಬರಲಿಲ್ಲ.

ಅಂದಿನಿಂದ ಮಾವ ಆ ಕಡೆ ಕಾಲಿಟ್ಟಿರಲಿಲ್ಲ. ತೋಟದ ಆ ತುದಿಗೆ ಹೋಗಬೇಕಾದರೂ ರಸ್ತೆ ಬಳಸಿಕೊಂಡು ಸುತ್ತಿ ಹೋಗುತ್ತಿದ್ದರು. ಹಿತ್ತಲ ಜಗಲಿಯಲ್ಲಿ ಕೂತು ಕಾಯಿ ಅಲ್ಲಾಡಿಸುವಾಗಲೂ ಬೆನ್ನನ್ನು ಮೂಡಲಿಗೆ ಹಾಕಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಅವರ ಬೆನ್ನ ಹಿಂದೆ ಹಿತ್ತಲಿಂದ ತೋಟದ ಕೊನೆಯವರೆಗೆ ಉದ್ದಕ್ಕೆ ಒಂದು ಬೀದಿ ಬಿದ್ದಂತಾಗಿತ್ತು. ಎರಡು ಕಡೆ ಮರ, ಬಾಳೆ, ಅಡಿಕೆ ಒತ್ತಾಗಿ ನಿಂತಿದ್ದವು, ನಡುವೆ ಬರೀ ಮೋಟುಗಳು. ಕೊನೆಯಲ್ಲಿ ನೆಲ ಇಳಿಜಾರಾಗಿ ರಾಗಿ ಹೊಲಗಳ ಕಡೆಗೆ ಹೋಗುತ್ತದೆ. ಮೋಟು ಕೀಳಿಸಿ ಹೊಸ ಸಸಿ ಹಾಕೋಣ ಅಂದರೆ, ಹಾಕೋಣ ಬುಡು ಅನ್ನುತ್ತಿದ್ದರು, ಅಷ್ಟೇ.

ಕಾಮನ ಹುಣ್ಣಿಮೆಯ ಸಂಜೆ ನಾನು ದೇವರಿಗೆ ದೀಪ ಹಚ್ಚಿ, ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆ ತರಲು ಹೋದೆ. ಸುಮ್ಮನೆ ಆ ಬೀದಿಯ ಕಡೆ ಕಣ್ಣು ಹೋಯಿತು. ಕೊನೆಯಲ್ಲಿ, ನೆಲದ ಹತ್ತಿರ, ಕೆಂಪಗೆ ಏನೋ ಉರಿಯುತ್ತಿತ್ತು. ಮರುಳಸಿದ್ದಯ್ಯನವರ ಕೊಬ್ಬರಿ ಶೆಡ್ ಇರುವುದು ಅದೇ ದಿಕ್ಕಿಗೆ. ಶೆಡ್ಡಿನ ಪಕ್ಕದಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿ ಆಳೆತ್ತರಕ್ಕೆ ಬಿದ್ದಿತ್ತು. ತೆಂಗಿನ ಸೀಮೆಯವರಿಗೆ ಹಾವಿಗಿಂತ ದೊಡ್ಡ ಹೆದರಿಕೆ ಒಂದೇ, ಬೇಸಿಗೆಯಲ್ಲಿ ಮಟ್ಟೆಗೆ ಬೀಳುವ ಬೆಂಕಿ. ಒಂದು ಸಲ ಹಿಡಿದರೆ ಒಳಗೊಳಗೇ ಉರಿದುಕೊಂಡು ಹೋಗಿ ಅಟ್ಟದ ಮೇಲಿನ ವರ್ಷದ ಕಾಯನ್ನೆಲ್ಲ ಬೂದಿ ಮಾಡಿಯೇ ನಿಲ್ಲುವುದು. ನಾನು ಬಟ್ಟೆಯನ್ನು ಅಲ್ಲೇ ಎಸೆದು, ಬೆಂಕಿ ಬೆಂಕಿ ಅಂತ ಕಿರುಚಿ, ತೊಟ್ಟಿಯಿಂದ ಒಂದು ಬಕೆಟ್ ನೀರು ಎತ್ತಿಕೊಂಡು ಓಡಿದೆ. ಒಂದು ಬಕೆಟ್ ನೀರಿನಲ್ಲಿ ಮಟ್ಟೆ ರಾಶಿಯ ಬೆಂಕಿ ಆರಿಸಲು ಹೊರಟ ನನ್ನ ಬುದ್ಧಿಯ ಬಗ್ಗೆ ಆಮೇಲೆ ಬೇಕಾದಷ್ಟು ಮಾತು ಬಂತು.

ಮೋಟುಗಳ ನಡುವೆ ಎಡವಿಕೊಂಡು ಓಡುತ್ತಲೇ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಹೊಗೆಯ ವಾಸನೆ ಇಲ್ಲ. ಚಟಪಟ ಸದ್ದಿಲ್ಲ. ಬೆಂಕಿಗೆ ಅಂಚು ಅನ್ನುವುದು ಇರುವುದಿಲ್ಲ; ಇದಕ್ಕೆ ಇತ್ತು. ಮೇಲ್ಗಡೆ ಬಿಲ್ಲಿನಂತೆ ಬಾಗಿದ ಅಂಚು, ಯಾರೋ ತಟ್ಟೆ ಇಟ್ಟು ಗೆರೆ ಎಳೆದಷ್ಟು ಚೊಕ್ಕ. ತೋಟದ ಕೊನೆಗೆ ಬಂದು ನಿಂತೆ. ರಾಗಿ ಕೊಯ್ದ ಹೊಲಗಳು ಬರೀ ಕೂಳೆಯಾಗಿ ದೂರದವರೆಗೆ ಬಿದ್ದಿದ್ದವು. ಅವುಗಳ ಆ ಕೊನೆಯಲ್ಲಿ ನೆಲವನ್ನು ಬಿಟ್ಟು ಬರಲು ಮನಸ್ಸಿಲ್ಲವೇನೋ ಅನ್ನುವ ಹಾಗೆ, ಕೆಳಗಡೆ ಸ್ವಲ್ಪ ಚಪ್ಪಟೆಯಾಗಿ, ಚಂದ್ರ ನಿಂತಿತ್ತು.

ಅಷ್ಟು ದೊಡ್ಡದು ಅಷ್ಟು ಸುಮ್ಮನಿರುವುದನ್ನು ನಾನು ನೋಡಿರಲಿಲ್ಲ. ಚಿಪ್ಪಿನಿಂದ ಆಗತಾನೆ ತೆಗೆದ ಕೊಬ್ಬರಿಯ ಬಣ್ಣ ಅದಕ್ಕೆ, ಮೇಲೆ ಅಲ್ಲಲ್ಲಿ ಕಪ್ಪು ಕಲೆ. ನೋಡುತ್ತಿದ್ದಂತೆಯೇ ಅದು ಮೇಲಕ್ಕೆ ಬರುತ್ತಿತ್ತು. ನಿಜವಾಗಿ, ಕಣ್ಣಿಗೆ ಕಾಣುವ ಹಾಗೆ ಬರುತ್ತಿತ್ತು. ಒಂದು ಗಳಿಗೆಗೆ ಅದು ಏಳುತ್ತಿಲ್ಲ, ನಾನೇ ಈ ಹೊಲ, ಈ ತೋಟ, ಈ ಮನೆಮಠದ ಸಮೇತ ಅದರ ಕಡೆಗೆ ಬಗ್ಗುತ್ತಿದ್ದೇನೆ ಅನ್ನಿಸಿ ಕಾಲಿನ ಕೆಳಗೆ ನೆಲ ಜಾರಿದಂತಾಯಿತು. ಬಕೆಟ್ ಕೆಳಗಿಟ್ಟು ಮೋಟಿನ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ದುಃಖವೂ ಅಲ್ಲ, ಸಂತೋಷವೂ ಅಲ್ಲ. ಇದು ತಿಂಗಳು ತಿಂಗಳೂ ಇಲ್ಲೇ ಪಕ್ಕದಲ್ಲಿ ನಡೆಯುತ್ತಿತ್ತಲ್ಲ, ನಾನು ಒಳಗೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೆನಲ್ಲ ಅಂತ ಅನ್ನಿಸಿತು.

ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಬೇಕು ಅಂತ ಹೊಳೆದದ್ದು ಆಮೇಲೆ. ತೆಗೆದೆ. ನನ್ನ ಕೂಗು ಕೇಳಿ ಮರುಳಸಿದ್ದಯ್ಯನವರು ತಮ್ಮ ಶೆಡ್ಡೇ ಹೋಯಿತು ಅಂತ ಕೊಡ ಹಿಡಿದುಕೊಂಡು ಓಡಿ ಬಂದಾಗ ಚಂದ್ರ ಆಗಲೇ ಮೇಲೆ ಹೋಗಿ, ಹಳದಿಯಾಗಿ, ಸಭ್ಯವಾಗಿತ್ತು. ನಾನು ಕೈತೋರಿಸಿದೆ. ಅವರು ಚಂದ್ರನನ್ನೂ ನನ್ನ ಬಕೆಟ್ಟನ್ನೂ ನೋಡಿ ಏನೂ ಹೇಳದೆ ವಾಪಸು ಹೋದರು. ಹೇಳುವುದನ್ನೆಲ್ಲ, ಪೇಟೆಯಿಂದ ಬರುತ್ತಿದ್ದ ನಮ್ಮ ಮಾವನಿಗೆ ದಾರಿಯಲ್ಲಿ ಕಾದು ನಿಂತು ಹೇಳಿದರಂತೆ.

ಮನೆಗೆ ಬಂದಾಗ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಮಂಡಿನೋವಿನವರು, ಓಡಿ ಬರಲಾಗಿರಲಿಲ್ಲ. ನಾನು ಬಿದ್ದ ಬಟ್ಟೆಗಳನ್ನು ಎತ್ತಿಕೊಳ್ಳುತ್ತಾ ಹೇಳಿದೆ.

"ಅತ್ತೆ, ನಿಮ್ಮ ಚಂದ್ರನ್ನ ನೋಡ್ದೆ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನೆಲದಿಂದ್ಲೇ ಎದ್ದಿತ್ತಾ?"

"ಹೂಂ."

"ಕೆಂಪಗಿತ್ತಾ?"

"ಬೆಂಕಿ ಅಂತ್ಲೇ ಓಡಿದ್ದು."

ಅತ್ತೆ ಹೊಸ್ತಿಲ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. "ಹಂಗಾದ್ರೆ ನಾನು ಸುಳ್ಳಾಡ್ಲಿಲ್ಲ ಕಣೇ," ಅಂದರು. "ಈಚೀಚೆಗೆ ನಂಗೇ ಅನುಮಾನ ಬಂದ್ಬುಟ್ಟಿತ್ತು. ಚಿಕ್ಕವಳು, ಏನೋ ಕನಸು ಕಂಡಿರ್ಬೇಕು ಅಂತ."

ಅವರ ನಗುವಿನ ಅರ್ಥ ಅವತ್ತು ತಿಳಿಯಿತು. ಮನೆಯವರೆಲ್ಲ ನಕ್ಕು ನಕ್ಕು, ಕೊನೆಗೆ ಅವರೇ ತಮ್ಮ ಕಣ್ಣನ್ನು ನಂಬದ ಹಾಗೆ ಮಾಡಿದ್ದೆವು. ತವರಿಗೆ ಹೋಗಿ ಇನ್ನೊಂದು ಸಲ ನೋಡಿ ಬರಬಹುದಿತ್ತಲ್ಲ ಅಂದೆ. ಚೊಚ್ಚಲ ಬಾಣಂತನಕ್ಕೆ ಹೋದಾಗ ಕೋಣೆಯಿಂದ ಹೊರಗೆ ಬಿಡಲಿಲ್ಲ, ಆಮೇಲೆ ಹೋದದ್ದೆಲ್ಲ ಹಬ್ಬಕ್ಕೆ, ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬಂದದ್ದು. ಅಷ್ಟರಲ್ಲಿ ಬೋರ್‌ವೆಲ್ ಬಂದವು. ರಾಗಿ ಹೊಲಗಳೆಲ್ಲ ತೋಟವಾದವು. ಈಗ ಹಂದನಕೆರೆಯಲ್ಲೂ ಚಂದ್ರ ಮರದಲ್ಲೇ ಬಿಡುತ್ತೆ ಅಂದರು.

ರಾತ್ರಿ ಊಟಕ್ಕೆ ಕೂತಾಗ ಮಾವ ನನ್ನ ಮೊಬೈಲ್ ಈಸಿಕೊಂಡು ಫೋಟೋ ನೋಡಿದರು. ಕಪ್ಪು ಕತ್ತಲೆ, ನಡುವೆ ಅಕ್ಕಿಕಾಳಿನಷ್ಟು ಒಂದು ಬಿಳಿ ಚುಕ್ಕೆ. ನಾನು ಕಂಡದ್ದೇನು, ಈ ಹಾಳು ಮೊಬೈಲು ಕಂಡದ್ದೇನು! ಮಾವ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಕಿವಿಯ ಹತ್ತಿರವೂ ಹಿಡಿದು ಅಲ್ಲಾಡಿಸಿದರು.

"ಇದಕ್ಕಾ ಬಕೆಟ್ ನೀರು ತಗಂಡು ಹೋಗಿದ್ದು?"

ದಯಾನಂದ್ ನಕ್ಕ. ಅತ್ತೆ ನಗಲಿಲ್ಲ. ಈ ಮನೆಗೆ ಬಂದ ಮೇಲೆ ಚಂದ್ರನ ಹಾಸ್ಯಕ್ಕೆ ಅವರು ನಗದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾಳೆಯೂ ಚಂದ್ರ ಬರುತ್ತದೆ, ಸ್ವಲ್ಪ ತಡವಾಗಿ, ಮೆಲ್ಲಗೆ ನಡೆದು ತೋಟದ ಕೊನೆಗೆ ಹೋಗಿ ನೋಡಿ ಬರೋಣ ಅಂತ ನಾನು ಅತ್ತೆಯನ್ನು ಕರೆದೆ. ಬರುವುದಿಲ್ಲ ಅಂದರು. "ಅವ್ರು ನೋಡ್ಬೇಕು ಕಣೇ. ನಾನೊಬ್ಳೇ ನೋಡ್ಕಂಡು ಬಂದ್ರೆ ಮತ್ತೆ ಅದೇ ಹಂದನಕೆರೆ ಚಂದ್ರ." ಮಾವನನ್ನು ಕೇಳಿದರೆ, ಚಂದ್ರನ ನೋಡೋಕೆ ನಾನು ಆ ಸುಡುಗಾಡು ದಾಟಬೇಕಾ ಅಂದರು. ಅವರ ಮರಗಳ ಮೋಟುಗಳಿಗೆ ಅವರಿಟ್ಟ ಹೆಸರು ಅದು. ಗಂಡ ಹೋಗದೆ ಹೆಂಡತಿ ಹೋಗುವುದಿಲ್ಲ, ಗಂಡ ಹೋಗುವುದಿಲ್ಲ. ಇಬ್ಬರಲ್ಲಿ ಯಾರಿಗೆ ಹಟ ಹೆಚ್ಚು ಅಂತ ಕೇಳಿದರೆ ನಾನು ಇವತ್ತಿಗೂ ಹೇಳಲಾರೆ.

ನನಗೆ ಹಟ ಹತ್ತಿತು. ಬಾರದವರ ಹತ್ತಿರಕ್ಕೆ ಚಂದ್ರನನ್ನೇ ತರಬೇಕು. ತಾಲ್ಲೂಕಿನ ಮದುವೆಹೆಣ್ಣುಗಳಿಗೆಲ್ಲ ನಾಚಿಕೆಪಡುವುದನ್ನು ಹೇಳಿಕೊಟ್ಟು ಫೋಟೋ ತೆಗೆಯುವ ಗಂಡ ಮನೆಯಲ್ಲಿದ್ದಾನೆ. ಸ್ವಂತ ತಾಯಿಯ ಒಂದು ಒಳ್ಳೆ ಫೋಟೋ ಅವನ ಹತ್ತಿರ ಇಲ್ಲ. ಅವನ ಕಡೆಯಿಂದಲೂ ಒಂದು ಮಾತು ಹೇಳಬೇಕು, ಅತ್ತೆ ಕ್ಯಾಮೆರಾ ಕಂಡರೆ ಸೆರಗು ಹೊದ್ದು ಒಳಗೆ ಹೋಗಿಬಿಡುತ್ತಾರೆ. ಅವನನ್ನು ಒಂದು ವಾರ ಬಿಡದೆ ಕಾಡಿದೆ. ಕೊನೆಗೆ ಅವನಿಗೂ ಹುಮ್ಮಸ್ಸು ಬಂತು. ಒಂದು ದಿನ ಊಟದ ಮನೆಯಲ್ಲಿ ಅವನೇ ವಿವರಿಸಿದ. ದೂರದಿಂದ ದೊಡ್ಡ ಲೆನ್ಸ್ ಹಾಕಿ ತೆಗೆದರೆ ಮನುಷ್ಯರು ಚಿಕ್ಕದಾಗುತ್ತಾರೆ, ಚಂದ್ರ ಇದ್ದ ಹಾಗೇ ಇರುತ್ತದೆ. ಆದ್ದರಿಂದ ಕ್ಯಾಮೆರಾ ಹಿತ್ತಲ ಜಗಲಿಯ ಹತ್ತಿರವೇ ಇರಲಿ. ಅಮ್ಮ ಬೀದಿಯ ಆ ಕೊನೆಯಲ್ಲಿ ಈ ಕಡೆ ಮುಖ ಮಾಡಿ ನಿಲ್ಲಲಿ. ಅವರ ಬೆನ್ನ ಹಿಂದೆ ಚಂದ್ರ ಏಳುವಾಗ ಅಮ್ಮ ಅದರೊಳಗೇ ನಿಂತ ಹಾಗೆ ಕಾಣುತ್ತಾರೆ. ಅಪ್ಪಾಜಿ ಎಲ್ಲಿಗೂ ಬರಬೇಕಾಗಿಲ್ಲ, ಕೂತಲ್ಲೇ ಸ್ಟೂಲು ತಿರುಗಿಸಿಕೊಂಡರೆ ಸಾಕು.

ಮಾವ ಮುದ್ದೆ ಮುರಿಯುತ್ತಾ, ಸ್ಟೂಲು ತಾನೇ, ತಿರುಗಿಸೋಣ ಅಂದರು. ಅತ್ತೆ ಮಗನನ್ನು ಮತ್ತೆ ಮತ್ತೆ ಕೇಳಿದರು, ಅವರಿಗೆ ಅದರಲ್ಲಿ ಸರಿಯಾಗಿ ಕಾಣುತ್ತದಾ ಅಂತ. ಕಾಣುತ್ತೆ ಅಂದ ಮೇಲೆ ಒಪ್ಪಿದರು.

ಮುಂದಿನ ತಿಂಗಳು ದವನದ ಹುಣ್ಣಿಮೆಗೆ ಅತ್ತೆ ಬೆಳಗಿನಿಂದಲೇ ಸಡಗರದಲ್ಲಿದ್ದರು. ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟರು. ವಿಭೂತಿ ತೆಳ್ಳಗೆ, ನೇರವಾಗಿ ಹಚ್ಚಿಕೊಂಡರು. ದಯಾನಂದ್ ಯಾವುದೋ ನಾಮಕರಣವನ್ನು ತನ್ನ ಹುಡುಗನಿಗೆ ವಹಿಸಿ ಹೊತ್ತಿಗೆ ಮುಂಚೆ ಬಂದ. ಮೊಬೈಲಿನಲ್ಲಿ ಚಂದ್ರೋದಯದ ಸಮಯ ನೋಡಿ, ಸ್ಟ್ಯಾಂಡ್ ಇಟ್ಟು, ಕ್ಯಾಮೆರಾ ಕೂರಿಸಿದ. ಮಾವ ನಿಜಕ್ಕೂ ಸ್ಟೂಲು ತಿರುಗಿಸಿದರು. ಮರ ಕಡಿಸಿದ ಮೇಲೆ ಆ ಕಡೆಗೆ ಅವರ ಮುಖ ತಿರುಗಿದ್ದು ಅವತ್ತೇ. ಒಂದು ಸಲ ಉದ್ದಕ್ಕೂ ನೋಡಿದರು, ಆಮೇಲೆ ಮಡಿಲಲ್ಲಿದ್ದ ಕಾಯಿಯನ್ನು ನೋಡತೊಡಗಿದರು.

ಅತ್ತೆಯನ್ನು ನಾನು ಕೈಹಿಡಿದು ಮೋಟುಗಳ ನಡುವೆ ಕರೆದುಕೊಂಡು ಹೋಗಿ ಕೊನೆಯಲ್ಲಿ ನಿಲ್ಲಿಸಿ ಬಂದೆ. ಕ್ಯಾಮೆರಾ ಕಡೆಗೇ ನೋಡಬೇಕು, ಅಲುಗಾಡಬಾರದು ಅಂತ ಮಗ ಹೇಳಿಕಳಿಸಿದ್ದನ್ನು ಹೇಳಿದೆ. ಮಕ್ಕಳಂತೆ ತಲೆಯಾಡಿಸಿದರು. ಹಿಂದಿರುಗಿ ಬಂದು ಕ್ಯಾಮೆರಾದ ಪರದೆಯಲ್ಲಿ ನೋಡಿದರೆ, ಬೀದಿಯ ನಟ್ಟನಡುವೆ ನಮ್ಮತ್ತೆ, ಸೆರಗು ತಲೆಯ ಮೇಲೆ, ಎರಡೂ ಕೈ ಮುಂದೆ ಜೋಡಿಸಿಕೊಂಡು, ಶಾಲೆಯ ಗ್ರೂಪ್ ಫೋಟೋಗೆ ನಿಂತವರ ಹಾಗೆ ನಿಂತಿದ್ದರು.

ಸೂರ್ಯ ಮನೆಯ ಹಿಂದೆ ಮುಳುಗಿದ. ಸೋಗೆಗಳು ಕಪ್ಪಾದವು. ಕೊನೆಯಲ್ಲಿ ಆಕಾಶ ಮಸುಕು ನೀಲಿಯಾಗಿ ಖಾಲಿಯೇ ಇತ್ತು. ನಾವು ಕಾದೆವು. ಮೊಬೈಲಿನಲ್ಲಿದ್ದ ಸಮಯ ಬಂತು, ಹೋಯಿತು. ದಯಾನಂದ್ ಮೋಡ ಇರಬಹುದು ಅಂದ. ಮೋಡ ಇರಲಿಲ್ಲ. ಕತ್ತಲಾಗುತ್ತಾ ಬಂತು. ಬಲಗಡೆ ಬಾಳೆಗಿಡಗಳ ಹಿಂದೆ, ಎಲ್ಲೋ ಒಳಗೆ, ಒಂದಿಷ್ಟು ಬೆಳಕು ಹರಿದಾಡುತ್ತಿದೆಯೇನೋ ಅನ್ನಿಸಿತು. ಆಗ ನನಗೆ ಹೊಳೆಯಿತು. ಚಂದ್ರ ಹೋದ ತಿಂಗಳು ಹುಟ್ಟಿದ ಜಾಗದಲ್ಲೇ ಈ ತಿಂಗಳೂ ಹುಟ್ಟುತ್ತದೆ ಅಂತ ನಮಗೆ ಹೇಳಿದವರು ಯಾರು? ಯಾರೂ ಇಲ್ಲ. ಹುಟ್ಟುವುದನ್ನೇ ಕಂಡಿರದ ನಾವು ನಾವೇ ಅಂದುಕೊಂಡದ್ದು. ದಯಾನಂದ್ ಸಮಯ ನೋಡಿದ್ದ, ದಿಕ್ಕು ನೋಡಿರಲಿಲ್ಲ. ಅತ್ತೆಗೂ ಇಷ್ಟು ವರ್ಷದಲ್ಲಿ ಅದು ಮರೆತುಹೋಗಿತ್ತು. ಅದು ಬಲಕ್ಕೆ ಸರಿದು, ಒತ್ತಾದ ತೋಟದ ಹಿಂದೆ ಎದ್ದಿತ್ತು. ನಮ್ಮ ಬೀದಿಗೆ ಬರಲೇ ಇಲ್ಲ.

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ. ಬಾಳೆಗಿಡಗಳ ಮೇಲೆ, ಇಷ್ಟು ವರ್ಷ ಕಾದವರನ್ನು ಇನ್ನೂ ಆಟ ಆಡಿಸುವ ಆ ಚಂದ್ರನ ಮೇಲೆ. ಈ ಒಂದು ಸಂಜೆ ತಪ್ಪಿದರೆ ಮಾವ ಮತ್ತೆ ಸ್ಟೂಲು ತಿರುಗಿಸುವವರಲ್ಲ. ಅತ್ತೆ ಮತ್ತೆ ಎಲ್ಲರ ಜೊತೆ ನಗುತ್ತಾರೆ.

ಮಾವ ಕಾಯನ್ನು ಬುಟ್ಟಿಗೆ ಹಾಕಿ ಎದ್ದರು. "ಎಲ್ಲಪ್ಪಾ ನಿಮ್ಮಮ್ಮನ ಚಂದ್ರ?" ಅಂದರು. ಗೆದ್ದವರ ದನಿಯೇನೂ ಅಲ್ಲ, ಸ್ವಲ್ಪ ಬೇಜಾರೇ ಇತ್ತು. ಅವಳನ್ನು ಕರೆದುಕೊಂಡು ಬಾ, ಕತ್ತಲಾಯ್ತು ಅಂತ ನನಗೆ ಹೇಳಿ ಒಳಗೆ ಹೊರಟವರು, ಹೋಗುವ ದಾರಿಯಲ್ಲಿ ಕ್ಯಾಮೆರಾದ ಪರದೆಯ ಕಡೆ ಒಂದು ಸಲ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು.

ನಾನೂ ನೋಡಿದೆ. ಪರದೆಯಲ್ಲಿ ಅತ್ತೆ ನಮ್ಮ ಕಡೆ ನೋಡುತ್ತಿರಲಿಲ್ಲ. ಅಲುಗಾಡಬೇಡಿ ಅಂದದ್ದು ಎಲ್ಲಿ ಹೋಯಿತೋ, ಪೂರ್ತಿ ಬಲಕ್ಕೆ ತಿರುಗಿದ್ದರು. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು. ಜೀವ ಹೋದರೂ ಸೆರಗು ಜಾರಲು ಬಿಡದ ಹೆಂಗಸು, ಅದನ್ನು ಎಳೆದುಕೊಳ್ಳುವುದನ್ನು ಮರೆತಿದ್ದರು. ಒಂದು ಕೈ ಎದೆಯ ಮೇಲೆ, ಇನ್ನೊಂದು ಸುಮ್ಮನೆ ಇಳಿಬಿದ್ದಿತ್ತು. ಕತ್ತು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗುತ್ತಿತ್ತು, ಏನೋ ಏಳುವುದರ ಜೊತೆಗೇ ಏಳುವ ಹಾಗೆ. ತೋಟದ ಕೊನೆಯಲ್ಲಿ ನಿಂತಿದ್ದವರಿಗೆ ಬಯಲು ಪೂರ್ತಿ ತೆರೆದಿತ್ತು. ನಮಗೆ ಮುಚ್ಚಿದ್ದ ಚಂದ್ರ ಅವರೊಬ್ಬರಿಗೇ ಹುಟ್ಟುತ್ತಿತ್ತು.

ಮಾವ ಬಹಳ ಹೊತ್ತು ನೋಡಿದರು. ಕಾಯಿ ಅಲ್ಲಾಡಿಸಿ ಸದ್ದಿಗೆ ಕಾಯುವಾಗ ಅವರ ಮುಖ ಹೇಗಿರುತ್ತದೋ ಹಾಗಿತ್ತು.

"ಏನ್ ನೋಡ್ತಾವ್ಳೆ ಅವ್ಳು?"

"ಇಲ್ಲಿಂದ ಕಾಣಲ್ಲ ಅಪ್ಪಾಜಿ," ಅಂದ ದಯಾನಂದ್.

ಮಾವ ಹೆಗಲ ಮೇಲಿನ ಟವಲ್ ಸರಿಮಾಡಿಕೊಂಡರು. ಜಗಲಿ ಇಳಿದರು. ಬೀದಿಯ ಬಾಯಲ್ಲಿ ಮೊದಲನೇ ಮೋಟಿನ ಹತ್ತಿರ ನಿಂತರು. ಅಲ್ಲಿಂದ ತಿರುಗಿ ಬರುತ್ತಾರೆ ಅಂದುಕೊಂಡೆ. ಬಗ್ಗಿ, ಮೋಟಿನ ಮೇಲೆ ಒಂದು ಸಲ ಕೈಯಿಟ್ಟು, ಮುಂದಕ್ಕೆ ಹೆಜ್ಜೆ ಹಾಕಿದರು. ಆಮೇಲೆ ಯಾವ ಮೋಟಿನ ಹತ್ತಿರವೂ ನಿಲ್ಲಲಿಲ್ಲ. ವಯಸ್ಸಾದವರ ನಡಿಗೆಯಲ್ಲ ಅದು, ಹೋಗುವಷ್ಟರಲ್ಲಿ ಎಲ್ಲಿ ಮುಗಿದುಹೋಗುತ್ತದೋ ಅನ್ನುವವರ ನಡಿಗೆ.

ನಾನೂ ಓಡಲು ಹೊರಟೆ. ದಯಾನಂದ್ ನನ್ನ ಕೈ ಹಿಡಿದುಕೊಂಡ. "ಅವ್ರಿಬ್ರೇ ನೋಡ್ಲಿ ಬುಡು," ಅಂದ. ಪರದೆಯಲ್ಲಿ ಮಾವ ಚಿಕ್ಕದಾಗುತ್ತಾ ಹೋಗಿ ಅತ್ತೆಯ ಪಕ್ಕ ಸೇರಿದರು. ಏನೋ ಕೇಳಲು ಬಾಯಿ ತೆರೆದ ಹಾಗಿತ್ತು. ಅತ್ತೆ ಅವರನ್ನು ನೋಡಲಿಲ್ಲ, ಕೈ ಚಾಚಿ ತೋರಿಸಲೂ ಇಲ್ಲ. ಮಾವ ತಾವೇ ಬಲಕ್ಕೆ ತಿರುಗಿದರು. ತಿರುಗಿದವರು ಕಲ್ಲಾದರು. ಹೆಗಲಿನ ಟವಲ್ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ದಯಾನಂದ್ ಬಟನ್ ಒತ್ತಿದ.

ಆ ಫೋಟೋ ಈಗ ಅವನ ಸ್ಟುಡಿಯೋದಲ್ಲಿ, ಮದುವೆಹೆಣ್ಣುಗಳ ಸಾಲಿನ ನಡುವೆ ಇದೆ. ಕತ್ತಲಲ್ಲಿ ತೆಗೆದದ್ದು, ಕಾಳುಕಾಳಾಗಿದೆ. ಎರಡು ಕಡೆ ಕಪ್ಪು ಮರಗಳು, ನಡುವೆ ಮೋಟುಗಳು, ಕೊನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಕಡೆಗೆ ಮುಖ ಮಾಡಿ, ಬಾಯಿ ಸ್ವಲ್ಪ ತೆರೆದು ನಿಂತಿದ್ದಾರೆ. ಪಾಸ್‌ಪೋರ್ಟ್ ಫೋಟೋಗೆ ಬಂದವರೆಲ್ಲ ಕೇಳುತ್ತಾರೆ, ಅವರು ಏನು ನೋಡುತ್ತಿದ್ದಾರೆ ಅಂತ. ಚಂದ್ರನ ಫೋಟೋ ಅದು ಅಂತ ದಯಾನಂದ್ ಹೇಳುತ್ತಾನೆ. ಎಲ್ಲಿದೆ ಚಂದ್ರ ಅಂತ ಅವರು ಹತ್ತಿರ ಹೋಗಿ ಹುಡುಕುತ್ತಾರೆ. ನಾನು ಅಲ್ಲಿದ್ದರೆ, ಅವರ ಮುಖ ನೋಡಿ, ಗೊತ್ತಾಗುತ್ತೆ ಅನ್ನುತ್ತೇನೆ.

ಅವತ್ತು ಸಂಜೆ ಪೂರ್ತಿ ಕತ್ತಲಾದ ಮೇಲೆ ನಾನು ಟಾರ್ಚ್ ತೆಗೆದುಕೊಂಡು ಎದುರು ಹೋದೆ. ಚಂದ್ರ ಆಗ ಸೋಗೆಗಳನ್ನು ದಾಟಿ, ಎಂದಿನಂತೆ ಬೆಳ್ಳಗೆ, ಚಿಕ್ಕದಾಗಿ ಮೇಲಿತ್ತು. ಅವರಿಬ್ಬರೂ ನಿಧಾನವಾಗಿ ಬರುತ್ತಿದ್ದರು. ಅತ್ತೆಯ ಮಂಡಿ ನೋಯುತ್ತಿತ್ತೇನೋ, ಮಾವನ ತೋಳು ಹಿಡಿದುಕೊಂಡಿದ್ದರು. ಅವರು ಹಾಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಟಾರ್ಚ್ ಆರಿಸಿ ಪಕ್ಕಕ್ಕೆ ನಿಂತೆ. ನನ್ನನ್ನು ದಾಟಿ ಹೋಗುವಾಗ ಮಾವ ಕೇಳುತ್ತಿದ್ದರು.

"ನಿಮ್ಮೂರಲ್ಲೂ ಇಷ್ಟೇ ದೊಡ್ಡದಿತ್ತೇನೇ?"

"ಇಷ್ಟೇನಾ?" ಅಂದರು ಅತ್ತೆ. "ಇದರ ಎರಡರಷ್ಟಿತ್ತು."

ಈಗ ಹಂದನಕೆರೆ ಚಂದ್ರ ಅನ್ನುತ್ತಾರೆ ಅಂತ ನಾನು ಕಾದೆ. ಅತ್ತೆಯ ಕಾಲಿಗೆ ಒಂದು ಮೋಟು ಅಡ್ಡ ಬಂತು, ಮಾವ ಅದನ್ನು ಬಳಸಿ ಕರೆದುಕೊಂಡು ಹೋದರು.

"ಇದ್ದೀತು ಕಣೇ," ಅಂದರು.